ನಮಸ್ಕಾರ ಮಾಡಿ ಎತ್ತುವ ಬಕೆಟ್ಟು

ಕೊಟ್ಟೂರು

ಇಂಗ್ಲೆಂಡಿಗೆ ಹೋಗಿ ಬಂದವರೆಲ್ಲ ರಾಣಿಯ ಅರಮನೆ, ನೆಲದ ಕೆಳಗೆ ಓಡುವ ರೈಲು, ಬೀದಿಯ ತುಂಬ ಮಂಜು ಎಂದು ಬರೆದಿದ್ದಾರೆ. ನಾನು ಅವು ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಅಷ್ಟು ದೂರ ಹೋಗಿ ಕಣ್ತುಂಬ ನೋಡಿ ಬಂದದ್ದು ಒಂದು ಕಕ್ಕಸನ್ನು. ಊಟದ ಹೊತ್ತಿಗೆ ಇದನ್ನು ಹಿಡಿದವರು ಊಟ ಮುಗಿಸಿಕೊಂಡೇ ಬರಲಿ, ನನಗೇನೂ ಬೇಸರವಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕೂಡ್ಲಿಗಿ ತಾಲೂಕಿನ ಹೊಸಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು, ಹೆಸರು ದುರುಗಪ್ಪ. ಮನೆ ಕೊಟ್ಟೂರಿನಲ್ಲಿ. ನನ್ನ ಅವ್ವ ಕೊಟ್ಟೂರಿನ ವ್ಯಾಪಾರಸ್ಥರ ಮನೆಗಳ ಹಿಂದಿನ ಸಂದಿಗಳಲ್ಲಿ ಮಲದ ಬುಟ್ಟಿ ಹೊತ್ತವಳು. ಆ ಮನೆಗಳ ಕಕ್ಕಸುಗಳಿಗೆ ಸಂದಿಯ ಕಡೆ ಒಂದು ತಗಡಿನ ಬಾಗಿಲಿರುತ್ತಿತ್ತು. ಅವ್ವ ಅದನ್ನು ಎತ್ತಿ, ಬೂದಿ ಚೆಲ್ಲಿ, ತಗಡಿನ ತುಂಡಿನಲ್ಲಿ ಕೆರೆದು ಬುಟ್ಟಿಗೆ ತುಂಬುತ್ತಿದ್ದಳು. ಮಳೆಗಾಲದಲ್ಲಿ ಬುಟ್ಟಿ ಸೋರಿ ಮುಖದ ಮೇಲೆ ಇಳಿಯುತ್ತಿತ್ತು. ಮುಂದೆ ಸರ್ಕಾರ ತಲೆಯ ಮೇಲೆ ಹೊರುವುದನ್ನು ನಿಲ್ಲಿಸಿತು. ಅದಾದ ಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ನಡೆದ ಒಂದು ಸಭೆಯಲ್ಲಿ ಉತ್ತರದ ಕಡೆಯಿಂದ ಬಂದ ಭಿಕ್ಷುವೊಬ್ಬರ ಎದುರು ನಮ್ಮ ಕೇರಿಯವರು ಬುದ್ಧನಿಗೆ ಶರಣು ಹೋದರು. ಅವತ್ತು ಮನೆಗೆ ಬಂದೊಡನೆ ಅವ್ವ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಅದೇ ತಲೆಯ ಮೇಲೆ.

“ಹೊಟ್ಟಿಗಿಲ್ಲದ ಸತ್ರೂ ಸರಿ, ಇನ್ನ ಮ್ಯಾಲೆ ನೀ ಆ ಕೆಲಸಕ್ಕ ಕೈ ಹಚ್ಚಬಾರದು. ಆಣಿ ಮಾಡು,” ಎಂದಳು. ನಾನು ಆಣೆ ಮಾಡಿದೆ.

ಬೌದ್ಧರಾದೆವು ಸರಿ, ಆದರೆ ನಮ್ಮ ಕಡೆ ಮದುವೆಗೆ, ಸಾವಿಗೆ ಬಂದು ಶರಣು ಹೇಳಿಕೊಡುವವರೇ ಇರಲಿಲ್ಲ. ಭಿಕ್ಷು ಬರುವತನಕ ಹೆಣ ಕಾಯಬೇಕು, ಇಲ್ಲವೇ ಬಿಟ್ಟುಬಂದ ಪದ್ಧತಿಯಲ್ಲೇ ಮಣ್ಣು ಮಾಡಬೇಕು. ಆ ಹೊತ್ತಿನಲ್ಲಿ ಇಂಗ್ಲೆಂಡಿನ ಒಂದು ಬೌದ್ಧ ಸಮುದಾಯದವರು ನಮ್ಮ ಭಾಗದಿಂದ ಇಬ್ಬರನ್ನು ತರಬೇತಿಗೆ ಕರೆದರು. ಖರ್ಚೆಲ್ಲ ಅವರದೇ. ತರಬೇತಿ ಮುಗಿಸಿದವನಿಗೆ ದೀಕ್ಷೆ ಕೊಟ್ಟು, ಕಾವಿ ವಸ್ತ್ರ ಕೊಟ್ಟು, ಹೊಸ ಹೆಸರಿಟ್ಟು ಕಳಿಸುತ್ತಾರೆ. ಅವನು ಊರಿಗೆ ಬಂದು ತನ್ನ ಜನಕ್ಕೆ ಎಲ್ಲವನ್ನೂ ಮಾಡಿಕೊಡಬಹುದು. ನಾನು ಸಂಬಳವಿಲ್ಲದ ರಜೆ ಹಾಕಿದೆ. ಸಮುದಾಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಮರೆತುಬಿಡುತ್ತಿದ್ದೆ, ಇಷ್ಟು ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಬಸ್ಸು ಹತ್ತುವಾಗ ಅವ್ವ ರೊಟ್ಟಿಯ ಗಂಟು ಕೈಗಿಟ್ಟು, “ಹೊಸಾ ಹೆಸರು ತಗೊಂಡ ಬಾ. ನಾ ಸತ್ತಾಗ ನೀನ ಶರಣಂ ಹೇಳಬೇಕು, ಮತ್ತ ಯಾರನ್ನೂ ಕರೀಬ್ಯಾಡ,” ಎಂದಳು. ನನಗೆ ಬೇಕಾಗಿದ್ದೂ ಅಷ್ಟೇ.

ವಿಮಾನ

ನನ್ನ ಜೊತೆಗಾರ ಹರಪನಹಳ್ಳಿಯ ಮಲ್ಲೇಶಿ. ಅಂಚೆ ಕಚೇರಿಯಲ್ಲಿ ಕೆಲಸ, ಓದಿಕೊಂಡವನು, ಮಾತಿನಲ್ಲಿ ಚುರುಕು. ಅವನ ಕೇರಿಯೂ ಊರ ಹೊರಗಿನದೇ. ಆದರೆ ಊರ ಹೊರಗೂ ಒಂದು ಒಳಗು, ಒಂದು ಹೊರಗು ಇರುತ್ತದೆ. ನಮ್ಮ ಮನೆಯ ನೀರು ಅವನ ಕೇರಿಯವರಿಗೂ ಆಗುತ್ತಿರಲಿಲ್ಲ. ಬುದ್ಧನ ಹತ್ತಿರ ಬಂದ ಮೇಲೆ ಅದೆಲ್ಲ ಮುಗಿದ ಮಾತು ಎಂದು ಇಬ್ಬರೂ ಭಾಷಣ ಮಾಡುತ್ತಿದ್ದೆವು. ದಾವಣಗೆರೆಯಿಂದ ಮುಂಬಯಿಯವರೆಗೆ ಒಂದೇ ತಂಬಿಗೆಯಲ್ಲಿ ನೀರು ಕುಡಿದೆವು. ಅವನು ಕುಡಿಯುವಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ, ಅವನಿಗೆ ಮುಜುಗರವಾಗದಿರಲಿ ಎಂದು.

ಅಲ್ಲಿ ಹೆಪ್ಪುಗಟ್ಟುವ ಚಳಿ ಎಂದು ಯಾರೋ ಹೆದರಿಸಿದ್ದರಿಂದ ಮಲ್ಲೇಶಿ ಮುಂಬಯಿಯ ಸೆಕೆಯಲ್ಲೇ ಎರಡು ಸ್ವೆಟರ್ ಹಾಕಿಕೊಂಡು ಬೆವರಿ ನೀರಾಗಿದ್ದ. ಲಂಡನ್ನಿನಲ್ಲಿ ಇಳಿದಾಗ ಸುಂಕದ ಅಧಿಕಾರಿ ನನ್ನ ಚೀಲದಿಂದ ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳು ಪುಡಿಯ ಪೊಟ್ಟಣ ತೆಗೆದು ಬೆಳಕಿಗೆ ಹಿಡಿದ. ಕಪ್ಪು ಪುಡಿ, ಘಾಟು ವಾಸನೆ. ಏನೆಂದು ಹೇಳಲು ನನಗೆ ಇಂಗ್ಲಿಷ್ ಸಿಗಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿ ತೋರಿಸಿದೆ, ಅದು ನೆತ್ತಿಗೇರಿ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆ. ಅವನು ಗಾಬರಿಯಾಗಿ ಪೊಟ್ಟಣವನ್ನು ವಾಪಸು ಕೊಟ್ಟ. ಇಡೀ ಪ್ರವಾಸದಲ್ಲಿ ನನ್ನ ಮಾತನ್ನು ಪೂರ್ತಿ ನಂಬಿದ ಬಿಳಿಯ ಅವನೊಬ್ಬನೇ ಇರಬೇಕು.

ಗುಡ್ಡದ ಮನೆ

ರೈಲಿನಲ್ಲಿ ಅರ್ಧ ದಿನ ಹೋಗಿ, ವ್ಯಾನಿನಲ್ಲಿ ಗುಡ್ಡ ಹತ್ತಿದರೆ ಸಮುದಾಯದ ಮನೆ. ಹಳೆಯ ಕಲ್ಲುಕಟ್ಟಡ. ಸುತ್ತ ಹಸಿರು ಹುಲ್ಲು, ಹುಲ್ಲಿನ ಮೇಲೆ ಕುರಿ. ಇಷ್ಟು ಹುಲ್ಲು ನಮ್ಮ ಕೂಡ್ಲಿಗಿಯ ಕುರುಬರು ನೋಡಿದರೆ ಅಲ್ಲೇ ಕಂಬಳಿ ಹಾಸಿಬಿಡುತ್ತಾರೆ ಎಂದುಕೊಂಡೆ. ಮನೆಯ ತುಂಬ ಗಂಡಸರು. ಬ್ಯಾಂಕು, ಕಾಲೇಜು, ಹೆಂಡತಿ ಎಲ್ಲ ಬಿಟ್ಟು ಬಂದವರು. ಮುಖ್ಯಸ್ಥರಿಗೆ ಒಂದು ಉದ್ದನೆಯ ಪಾಲಿ ಹೆಸರಿತ್ತು. ನಾನು ಮನಸ್ಸಿನಲ್ಲಿ ಅವರನ್ನು ಹಿರಿಯಣ್ಣ ಎಂದು ಕರೆಯುತ್ತಿದ್ದೆ. ಎತ್ತರದ ಆಳು, ಮೆಲುದನಿ, ಕೇಳುವಾಗ ಕಣ್ಣು ಮಿಟುಕಿಸುತ್ತಿರಲಿಲ್ಲ.

ಬೆಳಿಗ್ಗೆ ಧ್ಯಾನ, ಆಮೇಲೆ ಉಪ್ಪಿಲ್ಲದ ಓಟ್ಸ್ ಗಂಜಿ, ಆಮೇಲೆ ಕೆಲಸ, ಮತ್ತೆ ಧ್ಯಾನ. ಭಾರತದವರು ಹುಟ್ಟುವಾಗಲೇ ಪದ್ಮಾಸನ ಹಾಕಿಕೊಂಡು ಹುಟ್ಟುತ್ತಾರೆಂದು ಅವರ ತಿಳುವಳಿಕೆ. ನನಗೆ ಕಾಲು ಜೋಮು ಹಿಡಿದು, ಬಳಿಕ ನಿದ್ದೆ ಹಿಡಿದು, ಕೂತಲ್ಲೇ ಒಂದು ಗಂಟೆ ಚೆನ್ನಾಗಿ ಮಲಗಿದೆ. ಗಂಟೆ ಬಾರಿಸಿದ ಮೇಲೂ ನಾನು ಅಲುಗಾಡದ್ದನ್ನು ತೋರಿಸಿ, ಈ ನಿಶ್ಚಲತೆ ಇವರ ರಕ್ತದಲ್ಲೇ ಇದೆ ಎಂದು ಹಿರಿಯಣ್ಣ ಎಲ್ಲರಿಗೂ ಹೇಳಿದರಂತೆ. ಮಲ್ಲೇಶಿ ಆಮೇಲೆ ಅದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಗಿನ್ನೂ ನಾವು ಕೂಡಿ ನಗುತ್ತಿದ್ದೆವು.

ವಾರಕ್ಕೊಮ್ಮೆ ಎಲ್ಲರೂ ದುಂಡಗೆ ಕೂತು ತಮ್ಮ ತಮ್ಮ ನೋವು ಹೇಳಬೇಕು. ನನ್ನ ಕೋಣೆಯಲ್ಲೇ ಇದ್ದ ಪೀಟರ್, ಬ್ಯಾಂಕ್ ಮ್ಯಾನೇಜರನ ಮಗ, ಅಪ್ಪ ಒಂದು ಸಲವೂ ತನ್ನನ್ನು ಅಪ್ಪಿಕೊಂಡಿಲ್ಲವೆಂದು ಬಿಕ್ಕಿ ಬಿಕ್ಕಿ ಅತ್ತ. ನನ್ನ ಸರದಿ ಬಂತು. ನಮ್ಮಪ್ಪ ಕುಡಿದು ಸತ್ತ, ಅವ್ವ ನಮ್ಮನ್ನು ಸಾಕಿದಳು ಎಂದೆ. ಅವರು ಇನ್ನೂ ಇದೆ ಎಂದು ಕಾದರು. ನನ್ನ ಹತ್ತಿರ ಇದ್ದದ್ದೇ ಅಷ್ಟು. ನಾನಿನ್ನೂ ತೆರೆದುಕೊಂಡಿಲ್ಲ ಎಂದು ತೀರ್ಮಾನವಾಯಿತು.

ಆದರೆ ಒಂದು ಮಾತು ಹೇಳಲೇಬೇಕು. ಕಟ್ಟಿಗೆ ಉಳಿಸಲೆಂದು ಅಲ್ಲಿ ಒಂದು ತೊಟ್ಟಿ ಬಿಸಿನೀರಿನಲ್ಲಿ ಇಬ್ಬರು ಮೂವರು ಒಬ್ಬರಾದ ಮೇಲೊಬ್ಬರು ಮೀಯುತ್ತಿದ್ದರು. ಮೊದಲ ಶನಿವಾರ ನಾನು ಮಿಂದು ಎದ್ದು ನೀರು ಬಿಡಲು ಬಿರಡೆಗೆ ಕೈ ಹಾಕಿದಾಗ ಪೀಟರ್ ತಡೆದು, ಬಟ್ಟೆ ಕಳಚಿ, ಅದೇ ನೀರಿಗೆ ಇಳಿದ. ಮುಖವನ್ನೂ ಅದರಲ್ಲೇ ತೊಳೆದ. ಕೊಟ್ಟೂರಿನಲ್ಲಿ ನನ್ನ ನೆರಳು ಬಿದ್ದ ಕೊಡವನ್ನು ಚೆಲ್ಲಿದ್ದನ್ನು ಕಂಡವನು ನಾನು. ಬಾಗಿಲ ಹೊರಗೆ ನಿಂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಇಲ್ಲೇ ಸಾಯುವತನಕ ಇದ್ದುಬಿಡೋಣ ಎನಿಸಿತು.

ತೋಟದ ಹಿಂದೆ

ಮನೆಯೊಳಗಿನ ಕಕ್ಕಸು ಅತಿಥಿಗಳಿಗೆ. ನಮಗೆಲ್ಲ ತೋಟದ ಹಿಂದೆ ಮರದ ಹಲಗೆಯ ಒಂದು ಕೋಣೆ. ಮೊದಲ ಬೆಳಿಗ್ಗೆ ಅದರ ಬಾಗಿಲು ತೆಗೆದವನು ಹಾಗೇ ನಿಂತುಬಿಟ್ಟೆ. ಹಲಗೆಯಲ್ಲಿ ತೂತು, ತೂತಿನ ಕೆಳಗೆ ಬಕೆಟ್ಟು, ಪಕ್ಕದಲ್ಲಿ ಉದುರಿಸಲು ಮರದ ಹೊಟ್ಟು. ಹಿಂಬದಿಯಲ್ಲಿ ಬಕೆಟ್ಟನ್ನು ಎಳೆಯಲು ಒಂದು ಚಿಕ್ಕ ಬಾಗಿಲು. ಬೂದಿಯ ಬದಲು ಹೊಟ್ಟು, ತಗಡಿನ ಬದಲು ಹಲಗೆ; ಉಳಿದದ್ದೆಲ್ಲ ಕೊಟ್ಟೂರಿನ ಸಂದಿಯೇ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದಿತ್ತಂತೆ.

ನೀರು ಸುರಿದು ತೊಳೆಯುವುದು ಭೂಮಿಗೆ ಮಾಡುವ ಪಾಪ, ಎಲ್ಲವೂ ಮಣ್ಣಿಗೆ ಮರಳಬೇಕು ಎಂಬುದು ಅವರ ವಾದ. ಬೆಳಿಗ್ಗೆ ಒಬ್ಬ ತರಬೇತಿಯವನು ಬಂದು, ಬಕೆಟ್ಟಿನ ಮುಂದೆ ಕೈಜೋಡಿಸಿ ತಲೆಬಾಗಿ, ಒಂದು ಶ್ಲೋಕ ಹೇಳಿ, ಅದನ್ನು ಎತ್ತಿಕೊಂಡು ಸೇಬಿನ ಗಿಡಗಳ ಆಚೆಯ ಗುಂಡಿಗೆ ಹೋಗಿ ಸುರಿಯುತ್ತಿದ್ದ. ದೀಕ್ಷೆಗೆ ಮುಂಚೆ ಪ್ರತಿಯೊಬ್ಬನೂ ಒಂದು ತಿಂಗಳು ಈ ಸೇವೆ ಮಾಡಬೇಕು. ಅದಿಲ್ಲದೆ ದೀಕ್ಷೆಯಿಲ್ಲ. ಅಡಿಗೆ, ಕಸ, ಪಾತ್ರೆಗಳಿಗೆ ಯಾರೂ ಕೈ ಎತ್ತುತ್ತಿರಲಿಲ್ಲ, ಬಕೆಟ್ಟಿಗೆ ಮಾತ್ರ ನಾ ಮುಂದು ತಾ ಮುಂದು. ಪೀಟರನ ಸರದಿ ಬಂದಾಗ ಅವನ ಮುಖ ಮದುಮಗನ ಮುಖದಂತಾಗಿತ್ತು. ಅಹಂಕಾರ ಕರಗಿಸಲು ಇದಕ್ಕಿಂತ ದೊಡ್ಡ ಸಾಧನೆಯಿಲ್ಲ ಎಂದು ನನಗೆ ಹೇಳಿದ.

ಅವನ ಅಹಂಕಾರ ಕರಗಲಿ, ಸಂತೋಷ. ಆದರೆ ಕೈ ತೊಳೆದುಕೊಂಡ ಮರುಗಳಿಗೆ ಅವನು ಮತ್ತೆ ಬ್ಯಾಂಕ್ ಮ್ಯಾನೇಜರನ ಮಗ. ಅವ್ವ ಎಷ್ಟು ತೊಳೆದುಕೊಂಡರೂ ಅಂಗಡಿಯವನು ಚಿಲ್ಲರೆಯನ್ನು ಅವಳ ಕೈಗೆ ಹಾಕದೆ ಕಟ್ಟೆಯ ಮೇಲೆ ಎಸೆಯುತ್ತಿದ್ದ. ಕರಗಿಸಲು ಅವಳಿಗೆ ಅಹಂಕಾರವನ್ನಾದರೂ ಯಾರು ಕೊಟ್ಟಿದ್ದರು?

ಚಳಿಗಾಲ ಕಳೆಯಿತು. ಪಾಲಿ ಸೂತ್ರಗಳನ್ನು ಬಾಯಿಪಾಠ ಮಾಡಿದೆ. ಮದುವೆಯ ವಿಧಿ, ಸಾವಿನ ವಿಧಿ ಕಲಿತೆ. ಬಕೆಟ್ಟಿನ ಸರದಿ ದೂರದಲ್ಲಿದೆ, ಅಷ್ಟರಲ್ಲಿ ಏನಾದರೂ ಆದೀತು ಎಂದುಕೊಳ್ಳುತ್ತಿದ್ದೆ. ಏನೂ ಆಗಲಿಲ್ಲ. ಹಿಮ ಕರಗಿ ಗಿಡ ಚಿಗುರಿದಾಗ ಹಿರಿಯಣ್ಣ ನಮ್ಮಿಬ್ಬರ ಹೆಸರನ್ನೂ ದೀಕ್ಷೆಗೆ ಹೇಳಿದರು. ಮೊದಲು ನನ್ನ ತಿಂಗಳು, ಆಮೇಲೆ ಮಲ್ಲೇಶಿಯದು.

ಹಿರಿಯಣ್ಣನ ಕೋಣೆ

ಮೊದಲ ದಿನ ಕೋಣೆಯ ಹಿಂಬದಿಗೆ ಹೋಗಿ ಚಿಕ್ಕ ಬಾಗಿಲ ಮುಂದೆ ನಿಂತೆ. ಕೈ ಮುಂದೆ ಹೋಗಲಿಲ್ಲ. ನನ್ನ ಅಂಗೈಯಲ್ಲಿ ಅವ್ವನ ನೆತ್ತಿಯ ಬಿಸಿ ಇದ್ದ ಹಾಗಿತ್ತು. ಬಕೆಟ್ಟು ತುಂಬಿ, ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಗೊತ್ತಾಯಿತು. ಮಾರನೆಯ ಬೆಳಿಗ್ಗೆ ಪೀಟರ್ ಯಾರಿಗೂ ಹೇಳದೆ ಹೋಗಿ ಸುರಿದು ಬಂದ. ಹಿರಿಯಣ್ಣ ಅದನ್ನು ಕಂಡು, ಮತ್ತೆ ಹಾಗೆ ಮಾಡದಂತೆ ಅವನನ್ನು ತಡೆದರು. ಒಬ್ಬನ ಸಾಧನೆಯನ್ನು ಇನ್ನೊಬ್ಬ ಕದಿಯಬಾರದು ಎಂದರಂತೆ. ಸಂಜೆ ನನ್ನನ್ನು ಕರೆಸಿದರು. ನನ್ನ ಇಂಗ್ಲಿಷ್ ಸಾಲದಿದ್ದರೆ ಇರಲೆಂದು ಮಲ್ಲೇಶಿಯನ್ನೂ ಕೂರಿಸಿಕೊಂಡಿದ್ದರು.

ನಾನು ಹೇಳಿದೆ. ಅವ್ವ ಏನು ಕೆಲಸ ಮಾಡುತ್ತಿದ್ದಳು, ಎಲ್ಲಿ, ಹೇಗೆ; ನಾನು ಏನು ಆಣೆ ಮಾಡಿದ್ದೇನೆ; ನಾವು ಬುದ್ಧನ ಹತ್ತಿರ ಬಂದದ್ದೇ ಈ ಬುಟ್ಟಿ ಇಳಿಸಲು. ತಡವರಿಸಿಕೊಂಡಾದರೂ ಪೂರ್ತಿ ಹೇಳಿದೆ. ಆ ಮನೆಯಲ್ಲಿ ನಾನು ತೆರೆದುಕೊಂಡದ್ದು ಅದೇ ಮೊದಲು. ಅವರ ಕಣ್ಣು ಒದ್ದೆಯಾಯಿತು. ಸರಿ, ಅರ್ಥವಾಯಿತು ಎಂದು ನನ್ನ ಎದೆ ಹಗುರಾಯಿತು.

ಹಿರಿಯಣ್ಣ ನನ್ನ ಎರಡೂ ಕೈ ಹಿಡಿದುಕೊಂಡು, ಇದೆಂಥ ಅಪೂರ್ವ ಅವಕಾಶ ಎಂದರು. ನಿನ್ನ ತಾಯಿ ಅವಮಾನದಿಂದ ಮಾಡಿದ್ದನ್ನು ನೀನು ಆನಂದದಿಂದ ಮಾಡಬಹುದು, ಅವಳ ನೋವನ್ನೆಲ್ಲ ನೀನೇ ಶುದ್ಧ ಮಾಡಬಹುದು, ಇಲ್ಲಿರುವ ಯಾರಿಗೂ ಇಂಥ ಭಾಗ್ಯವಿಲ್ಲ ಎಂದರು. ಕೆಲಸದಲ್ಲಿ ಕೀಳು ಮೇಲು ಇಲ್ಲ, ಅದನ್ನು ಇಟ್ಟುಕೊಂಡಿರುವುದು ನಿನ್ನ ಮನಸ್ಸು ಎಂದರು. ಅವರ ದನಿಯಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಅದೇ ನನ್ನನ್ನು ಸುಟ್ಟದ್ದು.

ನಾನು ಮಲ್ಲೇಶಿಯ ಕಡೆ ತಿರುಗಿದೆ. ಈ ಮನೆಯಲ್ಲಿ ಇನ್ನಾರಿಗೂ ತಿಳಿಯದಿದ್ದರೂ ಅವನಿಗೆ ತಿಳಿಯುತ್ತದೆ, ನಮ್ಮ ಕಡೆಯ ಸಂದಿಗಳನ್ನು ಕಂಡವನು, ಎರಡು ಮಾತು ಬಿಡಿಸಿ ಹೇಳುತ್ತಾನೆ ಎಂದುಕೊಂಡೆ. ಅವನು ಕನ್ನಡದಲ್ಲಿ, ಮೆಲ್ಲಗೆ, ಹಿರಿಯಣ್ಣನ ಕಡೆ ನಗುಮುಖ ಇಟ್ಟುಕೊಂಡೇ ನನಗೆ ಹೇಳಿದ: “ಸುಮ್ನೆ ಮಾಡಿಬಿಡು ಲೇ. ನಿಮಗೇನ್ ಇದು ಹೊಸದಾ?”

ನಿಮಗೆ ಎಂದ. ನಿನಗೆ ಎನ್ನಲಿಲ್ಲ. ಇಷ್ಟು ತಿಂಗಳು ಲೇ, ನೀನು ಎಂದು ಹೆಗಲ ಮೇಲೆ ಕೈ ಹಾಕುತ್ತಿದ್ದವನು ಒಂದು ಮಾತಿನಲ್ಲಿ ನನ್ನನ್ನು ನನ್ನ ಕೇರಿಗೆ ಒಯ್ದು ಬಿಟ್ಟ. ಏನು ಹೇಳಿದೆ ಎಂದು ಹಿರಿಯಣ್ಣ ಅವನನ್ನು ಕೇಳಿದರು. ಧೈರ್ಯ ಹೇಳಿದೆ ಎಂದ ಮಲ್ಲೇಶಿ. ನಾನು ಎದ್ದು ಬಂದೆ.

ದೀಕ್ಷೆ

ಅವರು ಯಾರೂ ನನ್ನನ್ನು ಬೈಯಲಿಲ್ಲ. ನೀನಿನ್ನೂ ಸಿದ್ಧನಾಗಿಲ್ಲ, ಇನ್ನೊಂದು ವರ್ಷ ಇರು, ನಮಗೇನೂ ಅವಸರವಿಲ್ಲ ಎಂದರು. ಅವರಿಗೆ ಅವಸರವಿರಲಿಲ್ಲ ನಿಜ. ನನ್ನ ರಜೆ ಮುಗಿಯುತ್ತಿತ್ತು, ಅವ್ವನ ಉಬ್ಬಸ ಜೋರಾಗಿದೆ ಎಂದು ಸುದ್ದಿ ಬಂದಿತ್ತು. ಆ ತಿಂಗಳನ್ನು ಮಲ್ಲೇಶಿಗೆ ಕೊಟ್ಟರು. ಅವನ ವಂಶದಲ್ಲಿ ಯಾರೂ ಆ ಕೆಲಸ ಮುಟ್ಟಿದವರಲ್ಲ. ಮೊದಲ ವಾರ ಗುಂಡಿಯ ಹತ್ತಿರ ವಾಂತಿ ಮಾಡಿಕೊಂಡ. ಅದನ್ನು ದುಂಡಗೆ ಕೂತಾಗ ಹೇಳಿ ಎಲ್ಲರಿಂದ ಅಪ್ಪಿಸಿಕೊಂಡ. ಆಮೇಲೆ ಪಳಗಿದ. ಸೇಬಿನ ಹೂವಿನ ನಡುವೆ ಬಕೆಟ್ಟು ಹಿಡಿದು ನಗುತ್ತ ನಿಂತ ಅವನ ಫೋಟೋ ತೆಗೆದು ಗೋಡೆಗೆ ಹಾಕಿದರು.

ದೀಕ್ಷೆಯ ದಿನ ಅಡಿಗೆ ನನ್ನ ಪಾಲಿಗೆ ಬಂತು. ಅನ್ನ, ಬೇಳೆ ಸಾರು ಮಾಡಿ ಉಳಿದಿದ್ದ ಗುರೆಳ್ಳು ಪುಡಿಯನ್ನೆಲ್ಲ ಬಡಿಸಿ ಮುಗಿಸಿದೆ. ಒಳಗೆ ಅವನು ಹೇಳುತ್ತಿದ್ದ ಸೂತ್ರ ಎರಡು ಕಡೆ ತಪ್ಪಿತು. ನನಗೆ ಅದು ಸರಿಯಾಗಿ ಬರುತ್ತಿತ್ತು. ಒಲೆಯ ಮುಂದೆ ನಿಂತು ನಾನೇ ಅದನ್ನು ಪೂರ್ತಿ ಹೇಳಿಕೊಂಡೆ, ಯಾರಿಗೂ ಕೇಳಿಸದ ಹಾಗೆ. ಹೊಟ್ಟೆಕಿಚ್ಚು ಎಂದು ಯಾರಾದರೂ ಅಂದರೆ ಇಲ್ಲ ಎನ್ನಲಾರೆ. ಅವ್ವನಿಗೆ ಕೊಟ್ಟ ಎರಡು ಮಾತಿನಲ್ಲಿ ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕಾಗಿ ಬಂತಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದಾಗಿತ್ತು.

ಮರುದಿನ ಪೀಟರ್ ಸ್ಟೇಷನ್ನಿನವರೆಗೆ ಬಂದ. ರೈಲು ಬಂದಾಗ, ನಿನ್ನ ತಾಯಿಗೆ ಏನು ಹೇಳುತ್ತೀ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಅವನು ತನ್ನ ಉಣ್ಣೆಯ ಮಫ್ಲರ್ ಬಿಚ್ಚಿ ನನ್ನ ಕೊರಳಿಗೆ ಸುತ್ತಿದ. ಒಳ್ಳೆಯ ಹುಡುಗ. ಈಗಲೂ ಹಾಗೆಯೇ ಅನ್ನುತ್ತೇನೆ.

ಮತ್ತೆ ಕೊಟ್ಟೂರು

ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅಲ್ಲಿಯೂ ಬುಟ್ಟಿ ಐತಾ ಎಂದು ಒಮ್ಮೆ ಕೇಳಿದಳು. ಐತಿ, ಆದರೆ ತಾವೇ ಹೊರುತ್ತಾರೆ, ಕೈಮುಗಿದು ಹೊರುತ್ತಾರೆ ಎಂದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಓಣಿಯವರು ಬಂದು ನಿಮ್ಮ ಮಗನಿಗೆ ಏನು ಹೆಸರಿಟ್ಟರು ಎಂದಾಗ, “ದುರುಗಪ್ಪ ಅಂತನ ಅದಾನ,” ಎಂದು ಒಳಗೆ ಹೋದಳು. ನಾನು ಹೊಸಹಳ್ಳಿಗೆ ಹೋಗಿ ಮತ್ತೆ ಮಗ್ಗಿ ಹೇಳಿಕೊಡಲು ಶುರುಮಾಡಿದೆ.

ಮುಂದಿನ ಬೇಸಿಗೆಯಲ್ಲಿ ಮಲ್ಲೇಶಿ ನಮ್ಮ ಕೇರಿಗೆ ಬಂದ. ಈಗ ಅವನು ಭಂತೇಜಿ. ತಲೆ ಬೋಳಿಸಿ, ಕಾವಿ ಉಟ್ಟು, ಮೈ ಬಣ್ಣವೂ ಒಂದಿಷ್ಟು ತಿಳಿಯಾಗಿತ್ತು. ಕೇರಿಯ ಶಾಲೆಯ ಮುಂದೆ ಚಪ್ಪರ ಹಾಕಿ ಕುರ್ಚಿ ಇಟ್ಟಿದ್ದರು. ಕೇರಿಯವರೆಲ್ಲ ಸೇರಿದ್ದರು, ಅದರಲ್ಲಿ ಅವ್ವನ ಜೊತೆ ಬುಟ್ಟಿ ಹೊತ್ತ ಹೆಂಗಸರೇ ಮುಂದೆ. ಮಲ್ಲೇಶಿ ಚೆನ್ನಾಗಿ ಮಾತಾಡಿದ. ಕೆಲಸದಲ್ಲಿ ಕೀಳು ಮೇಲಿಲ್ಲ ಎಂದ. ಸೇಬಿನ ಗಿಡದ ಫೋಟೋವನ್ನು ಕೈಯಿಂದ ಕೈಗೆ ಕಳಿಸಿದ. ನಾನೂ ಒಂದು ತಿಂಗಳು ಮಲ ಹೊತ್ತಿದ್ದೇನೆ, ನಿಮ್ಮ ನೋವು ನನಗೆ ಗೊತ್ತು ಎಂದ. ಜನ ಚಪ್ಪಾಳೆ ತಟ್ಟಿದರು.

ಫೋಟೋ ಅವ್ವನ ಕೈಗೆ ಬಂತು. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ನೆಲಕ್ಕೆ ಕೈಯೂರಿ ಎದ್ದು ನಿಂತಳು. ಕೈಮುಗಿದೇ ಕೇಳಿದಳು, ದನಿಯಲ್ಲಿ ಸಿಟ್ಟಿರಲಿಲ್ಲ.

“ಭಂತೇಜಿ, ನಾ ಓದಿದಾಕಿ ಅಲ್ಲ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ. ನೀವು ಒಂದು ತಿಂಗಳು ಹೊತ್ತೀರಿ, ನಿಮಗ ಬಟ್ಟಿ ಕೊಟ್ರು, ಹೆಸರು ಕೊಟ್ರು, ಕುಂದರಾಕ ಕುರ್ಚಿ ಕೊಟ್ರು. ನಾ ಹರೇದಾಗ ಎತ್ತಿದ ಬುಟ್ಟಿ ಕೂದಲು ಬೆಳ್ಳಗಾದ ಮ್ಯಾಲೆ ಇಳಿಸೀನಿ. ನನಗೇನು ಕೊಡ್ತಾರ, ಅವರನ್ನ ಕೇಳಿ ಹೇಳ್ರಿ.”

ಮಲ್ಲೇಶಿ ನನ್ನ ಕಡೆ ನೋಡಿದ. ಆಮೇಲೆ ಕೈಜೋಡಿಸಿ, ಕಣ್ಣು ಮುಚ್ಚಿ, ಆ ಗುಡ್ಡದ ಮನೆಯಲ್ಲಿ ಕಲಿತ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತ. ಸಭೆ ನಡೆಸುವವರು ಗಡಿಬಿಡಿಯಿಂದ ಹಾರ ತರಿಸಿದರು. ಪಕ್ಕದವರು ಅವ್ವನ ಸೆರಗು ಜಗ್ಗಿ, ಕುಂದ್ರಬೇ ಸಾಕು, ದೊಡ್ಡವರಿಗೆ ಹಾಗೆಲ್ಲ ಕೇಳಬಾರದು ಎಂದರು. ಹಾರ ಹಾಕಿದರು, ಫೋಟೋ ತೆಗೆದರು, ಎಲ್ಲರೂ ಸಾಲಾಗಿ ಹೋಗಿ ಕಾಲಿಗೆ ಬಿದ್ದು ಬಂದರು. ಉತ್ತರ ಈಗ ಬಂದೀತೆಂದು ಅವ್ವ ನಿಂತೇ ಇದ್ದಳು.